ಅಡಿಕೆ ತೋಟದಲ್ಲಿ ಫೋನಿನ ಚುಕ್ಕೆಯೇ ಸಾಕ್ಷಿಯಾಗದಿರಲಿ



ಮುಂಗಾರು ಬೆಳೆ ಸಮೀಕ್ಷೆ ಬಂತೆಂದರೆ ಮಲೆನಾಡಿನ ತೋಟಗಳಲ್ಲಿ ಅದೇ ತಕರಾರು. ರೈತ ನಿಂತಿರುವುದು ತನ್ನ ಅಡಿಕೆ ಮರದ ಬುಡದಲ್ಲೇ. ಫೋನಿನ ನಕ್ಷೆಯಲ್ಲಿ ಚುಕ್ಕೆ ಮಾತ್ರ ಬೇಲಿಯಾಚೆ, ಪಕ್ಕದವರ ಸರ್ವೆ ನಂಬರಿನಲ್ಲಿ. ಗಡಿಯೊಳಗೆ ನಿಂತು ಫೋಟೊ ತೆಗೆಯಬೇಕೆಂಬುದು ನಿಯಮ. ಚುಕ್ಕೆಯನ್ನು ಒಳಗೆ ತರಲೆಂದು ಆತ ಕೆಳಗಿನ ಗದ್ದೆಗೆ ಇಳಿದರೆ ಅಡಿಕೆ ಇರುವ ಹಿಸ್ಸಾಕ್ಕೆ ಭತ್ತದ ಫೋಟೊ ಸೇರುತ್ತದೆ. ಪಹಣಿಯ ಬೆಳೆ ಕಾಲಂ, ವಿಮೆ, ಪರಿಹಾರ ಎಲ್ಲಕ್ಕೂ ಈ ಸಮೀಕ್ಷೆಯೇ ಆಧಾರವಾಗುವಾಗ ಇದನ್ನು ಸಣ್ಣಪುಟ್ಟ ತಾಂತ್ರಿಕ ದೋಷವೆಂದು ತಳ್ಳಿಹಾಕುವುದು ಅನ್ಯಾಯ.

‘ಜಿಪಿಎಸ್ ತಪ್ಪು ತೋರಿಸುತ್ತದೆಯೇ?’ ಎಂದು ಕೇಳುವವರಿದ್ದಾರೆ. ಖಂಡಿತ ತೋರಿಸುತ್ತದೆ. ಸುಮಾರು 20,200 ಕಿ.ಮೀ. ಎತ್ತರದ ಉಪಗ್ರಹಗಳಿಂದ ಸಂಕೇತ ಬರಲು ಹಿಡಿದ ಸಮಯವನ್ನು ಅಳೆದು ಫೋನು ತಾನಿರುವ ಜಾಗವನ್ನು ಲೆಕ್ಕ ಹಾಕುತ್ತದೆ. ಅದಕ್ಕೆ ಕನಿಷ್ಠ 4 ಉಪಗ್ರಹಗಳಾದರೂ ಸಿಗಬೇಕು. ಸೆಕೆಂಡಿನ 10 ಲಕ್ಷದಲ್ಲಿ ಒಂದು ಪಾಲು ಹೆಚ್ಚುಕಡಿಮೆಯಾದರೂ ದೂರದಲ್ಲಿ 300 ಮೀಟರ್ ವ್ಯತ್ಯಾಸ. ನಮ್ಮ ತೋಟಗಳೋ ಗುಡ್ಡಗಳ ನಡುವಿನ ಕಣಿವೆಯಲ್ಲಿವೆ. ಕಾಣುವ ತುಸು ಆಕಾಶಕ್ಕೂ ಮಳೆಯಲ್ಲಿ ನೆನೆದ ಸೋಗೆಗಳ ಮುಚ್ಚಿಗೆ. ಮೊದಲೇ ಕ್ಷೀಣವಾದ ಸಂಕೇತ ಅಲ್ಲಿ ಮತ್ತಷ್ಟು ಸೊರಗುತ್ತದೆ. ಗುಡ್ಡಕ್ಕೋ ಮರಕ್ಕೋ ತಾಗಿ ಬಂದದ್ದು ತಡವಾಗಿ ತಲುಪುತ್ತದೆ. ಉಪಗ್ರಹ ಸಿಗದಿದ್ದರೆ ಫೋನು ಮೊಬೈಲ್ ಟವರ್ ನೋಡಿ ಅಂದಾಜಿಸುತ್ತದೆ, ಇಲ್ಲವೇ ಹಿಂದೆ ಸಿಕ್ಕಿದ್ದ ಜಾಗವನ್ನೇ ತೋರಿಸುತ್ತದೆ.

ಬಟಾಬಯಲಿನಲ್ಲೇ ಸಾಮಾನ್ಯ ಫೋನು 5 ಮೀಟರಿನಷ್ಟು ತಪ್ಪಬಹುದು. 9 ಅಡಿ ಅಂತರದಲ್ಲಿ ನೆಟ್ಟ ಅಡಿಕೆಯಲ್ಲಿ ಅದು ಹತ್ತಿರ ಹತ್ತಿರ ಎರಡು ಸಾಲು. ಒಂದು ಗುಂಟೆ ಎಂದರೆ 33 ಅಡಿ ಚೌಕ, ಬರೀ 10 ಮೀಟರ್ ಅಗಲ. ಅಣ್ಣತಮ್ಮಂದಿರಲ್ಲಿ ಪಾಲಾಗಿ ಪಾಲಾಗಿ ನಾಲ್ಕೈದು ಸಾಲಿಗೆ ಇಳಿದ ಹಿಸ್ಸಾದಲ್ಲಿ ಚುಕ್ಕೆ ಗಡಿ ದಾಟಲು ಇನ್ನೇನು ಬೇಕು? ಸಾಲದ್ದಕ್ಕೆ, ಹಳೆಯ ಸರ್ವೆ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗ ಗಡಿಗೆರೆಯೇ ಜಾರಿರುವುದೂ ಉಂಟು. ಹಾಗಾದಲ್ಲಿ ಫೋನು ಎಷ್ಟೇ ಚೆನ್ನಾಗಿದ್ದರೂ ಫಲವಿಲ್ಲ.

ತನ್ನ ಲೆಕ್ಕ ಎಷ್ಟು ನಂಬಲರ್ಹ ಎಂಬುದನ್ನು ಫೋನೇ ಹೇಳುತ್ತದೆ. ನಕ್ಷೆಯಲ್ಲಿ ಚುಕ್ಕೆಯ ಸುತ್ತ ಕಾಣುವ ತಿಳಿನೀಲಿ ವೃತ್ತ ಅದೇ. ಆಂಡ್ರಾಯ್ಡ್ ಲೆಕ್ಕದಲ್ಲಿ, ಫೋನು ತಿಳಿಸುವ ಆ ಅಳತೆಯೊಳಗೆ ನಿಜವಾದ ಜಾಗ ಇರುವ ಸಾಧ್ಯತೆ ಶೇ 68. ಅಂದರೆ ಮೂರರಲ್ಲಿ ಸುಮಾರು ಒಂದು ಸಲ ನಾವು ವೃತ್ತದ ಆಚೆಗೇ ಇರುತ್ತೇವೆ! ಈ ಅಳತೆಯನ್ನು ಪ್ರತಿ ಫೋಟೊದ ಜೊತೆಗೂ ದಾಖಲಿಸಿ, ರೈತನಿಗೂ ಕಾಣಿಸಬೇಕು. ವೃತ್ತವು ಹಿಸ್ಸಾದ ಅಗಲವನ್ನು ಮೀರಿದರೆ ಆ ಫೋಟೊ ಒಂದನ್ನೇ ನೆಚ್ಚಿ ಬೆಳೆ ಬದಲಿಸಬಾರದು. ಆಕ್ಷೇಪಣೆಗೆ ಅವಕಾಶವಿದೆ, ನಿಜ. ಆದರೆ ವಿಚಾರಣೆಯಲ್ಲೂ ಅದೇ ಚುಕ್ಕೆಯನ್ನು ಮುಂದಿಟ್ಟರೆ ರೈತ ಯಾರ ಬಳಿ ಹೋಗಬೇಕು? ಸಿಬ್ಬಂದಿ ತೋಟಕ್ಕೇ ಬಂದು, ಚಕ್ಕುಬಂದಿ ನೋಡಿ, ಅಕ್ಕಪಕ್ಕದವರನ್ನು ಕೇಳಿ ತೀರ್ಮಾನಿಸಲಿ.

ಕೃಷಿ ಮತ್ತು ಕಂದಾಯ ಇಲಾಖೆಗಳು ಮುಂದಿನ ಸಮೀಕ್ಷೆಗೆ ಮುಂಚೆಯೇ ಈ ಬಗ್ಗೆ ಸ್ಪಷ್ಟ ಸೂಚನೆ ಹೊರಡಿಸಬೇಕು. ಬೆಳೆಗಾರರೂ ಅಷ್ಟೆ, ಸಮೀಕ್ಷೆ ಮುಗಿದ ಮೇಲೆ ನಿಮ್ಮ ಸರ್ವೆ ನಂಬರಿನಲ್ಲಿ ಯಾವ ಬೆಳೆ ದಾಖಲಾಗಿದೆ ಎಂದು ನೋಡಿಕೊಳ್ಳಿ. ತಪ್ಪಿದ್ದರೆ ಗಡುವಿನೊಳಗೆ ಆಕ್ಷೇಪಣೆ ಸಲ್ಲಿಸಿ.

— ಒಬ್ಬ ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು