ಮೂಲದ ಹುಡುಕಾಟ ಮತ್ತು ಭಾರತೀಯತೆ

ಭಾರತೀಯರ ಮೂಲ ಯಾವುದು ಎಂಬ ಪ್ರಶ್ನೆ ಆಧುನಿಕ ಕಾಲದಲ್ಲಿ ಹುಟ್ಟಿಕೊಂಡದ್ದು ಭಾಷೆಗಳ ಅಧ್ಯಯನದಿಂದ. 1786ರಲ್ಲಿ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳ ಸೋದರ ಸಂಬಂಧವನ್ನು ಪ್ರತಿಪಾದಿಸಿದರು. 1816ರಲ್ಲಿ ಮದರಾಸಿನ ಎಲ್ಲಿಸ್ ದಕ್ಷಿಣದ ಭಾಷೆಗಳು ಸಂಸ್ಕೃತಜನ್ಯವಲ್ಲವೆಂದು ವಾದಿಸಿದರು; 1856ರಲ್ಲಿ ಪ್ರಕಟವಾದ ಕಾಲ್ಡ್‌ವೆಲ್ಲರ ತೌಲನಿಕ ವ್ಯಾಕರಣ ಆ ವಾದಕ್ಕೆ ಶಾಸ್ತ್ರೀಯ ನೆಲೆಯನ್ನು ಒದಗಿಸಿತು. ಇವೆಲ್ಲವೂ ಭಾಷೆಗಳನ್ನು ಕುರಿತ ಮಾತುಗಳು. ಆದರೆ ಶತಮಾನ ಮುಗಿಯುವ ಹೊತ್ತಿಗೆ ‘ಆರ್ಯ’, ‘ದ್ರಾವಿಡ’ ಎಂಬ ಪದಗಳು ರಕ್ತದ ಹೆಸರುಗಳಾಗಿದ್ದವು. ವ್ಯಾಕರಣದ ಒಂದು ವರ್ಗೀಕರಣ ಇಷ್ಟು ದುಬಾರಿಯಾದ ಉದಾಹರಣೆ ಬೇರೆ ಕಡೆ ಸಿಗುವುದು ಕಷ್ಟ.

ಈ ಸಿದ್ಧಾಂತವನ್ನು ಯಾರು ಹೇಗೆ ಬಳಸಿಕೊಂಡರೆಂಬುದು ಸಿದ್ಧಾಂತಕ್ಕಿಂತ ಸ್ವಾರಸ್ಯಕರವಾಗಿದೆ. 1873ರ ‘ಗುಲಾಮಗಿರಿ’ಯಲ್ಲಿ ಜ್ಯೋತಿಬಾ ಫುಲೆ ಆರ್ಯರ ಆಗಮನವನ್ನು ಶೂದ್ರಾತಿಶೂದ್ರರ ದಾಸ್ಯದ ಆರಂಭವೆಂದು ಓದಿದರು. ಮೂವತ್ತು ವರ್ಷಗಳ ತರುವಾಯ ಅದೇ ಪುಣೆಯ ತಿಲಕರು ಆರ್ಯರ ಮೂಲ ನೆಲೆಯನ್ನು ಉತ್ತರ ಧ್ರುವದವರೆಗೆ ಒಯ್ದು, ಅದನ್ನು ವೇದಗಳ ಪ್ರಾಚೀನತೆಗೆ ಪ್ರಮಾಣವಾಗಿಸಿದರು. 1946ರಲ್ಲಿ ಅಂಬೇಡ್ಕರ್ ಶೂದ್ರರ ಮೂಲವನ್ನು ಕುರಿತ ಗ್ರಂಥದಲ್ಲಿ ಆರ್ಯ ಆಕ್ರಮಣದ ವಾದವನ್ನೇ ತಿರಸ್ಕರಿಸಿದರು. ಇಂದು ಆರ್ಯರು ಇಲ್ಲಿಯವರೇ ಎಂದು ಹಟ ಹಿಡಿಯುವವರಿದ್ದಾರೆ. ದ್ರಾವಿಡರೇ ಆದಿಮರು ಎನ್ನುವವರೂ ಇದ್ದಾರೆ. ಪರಸ್ಪರ ವಿರೋಧಿಗಳಾದ ಈ ಎರಡು ಪಕ್ಷಗಳೂ ಒಂದು ನಂಬಿಕೆಯನ್ನು ಮಾತ್ರ ಹಂಚಿಕೊಂಡಿವೆ: ಮೊದಲು ಬಂದವನಿಗೆ ನೆಲದ ಮೇಲೆ ಹೆಚ್ಚಿನ ಹಕ್ಕು. ಪರೀಕ್ಷೆಗೆ ಒಳಗಾಗಬೇಕಾದುದು ಈ ನಂಬಿಕೆಯೇ.

2011ರ ಜನವರಿಯಲ್ಲಿ, ಮಹಾರಾಷ್ಟ್ರದ ಭಿಲ್ಲ ಮಹಿಳೆಯೊಬ್ಬಳನ್ನು ಬೆತ್ತಲೆ ಮೆರವಣಿಗೆ ಮಾಡಿದ ಪ್ರಕರಣದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಭಾರತವನ್ನು ಬಹುಮಟ್ಟಿಗೆ ವಲಸಿಗರ ದೇಶವೆಂದು ಕರೆದು, ಆದಿವಾಸಿಗಳ ಪೂರ್ವಜರೇ ಇಲ್ಲಿಯ ಮೂಲನಿವಾಸಿಗಳೆಂದು ಅಭಿಪ್ರಾಯಪಟ್ಟಿತು. ಮೊದಲು ಬಂದವನದೇ ನೆಲ ಎಂಬ ನ್ಯಾಯ ಪ್ರಾಮಾಣಿಕವಾಗಿದ್ದಿದ್ದರೆ ಭಿಲ್ಲರ ಕೈಯಲ್ಲಿ ಎಷ್ಟು ಭೂಮಿ ಇರಬೇಕಿತ್ತು? ಆ ನ್ಯಾಯವನ್ನು ತನಗಿಂತ ಹಿಂದೆ ಬಂದವನಿಗೆ ಯಾರೂ ಅನ್ವಯಿಸುವುದಿಲ್ಲ, ತನ್ನ ಅನಂತರ ಬಂದವನಿಗೆ ಮಾತ್ರ ಅನ್ವಯಿಸುತ್ತಾರೆ.

ಪ್ರಾಚೀನ ಅಸ್ಥಿಗಳ ವಂಶವಾಹಿ ಪರೀಕ್ಷೆ ಈಗ ಹೊಸ ಸಾಕ್ಷ್ಯವನ್ನು ತಂದಿದೆ. ಹರಿಯಾಣದ ರಾಖಿಗಢಿಯಲ್ಲಿ ದೊರೆತ ಸಿಂಧೂ ನಾಗರಿಕತೆಯ ಮಹಿಳೆಯೊಬ್ಬಳ ಅವಶೇಷವನ್ನು ಕುರಿತ ವರದಿ 2019ರಲ್ಲಿ ಪ್ರಕಟವಾಯಿತು. ಆಕೆಯಲ್ಲಿ ಮಧ್ಯ ಏಷ್ಯಾದ ಹುಲ್ಲುಗಾವಲಿನ ಜನರ ಅಂಶ ಕಾಣಲಿಲ್ಲ. ಆ ಅಂಶ ಕ್ರಿಸ್ತಪೂರ್ವ 2000ದಿಂದ 1500ರ ನಡುವೆ ಉಪಖಂಡವನ್ನು ಸೇರಿತೆಂದು ಅದೇ ವರ್ಷದ ಮತ್ತೊಂದು ಅಧ್ಯಯನ ಹೇಳಿತು. ಹಾಗೆಂದು ಆ ಮಹಿಳೆ ‘ಶುದ್ಧ’ಳೂ ಅಲ್ಲ, ಪ್ರಾಚೀನ ಇರಾನಿನ ಜನರಿಗೆ ಸಂಬಂಧಿಸಿದ ಎಳೆಯೂ ಇಲ್ಲಿಯ ಬೇಟೆಗಾರರ ಎಳೆಯೂ ಆಕೆಯಲ್ಲಿ ಕೂಡಿಕೊಂಡಿವೆ. ಇದಕ್ಕಿಂತ ಮುಖ್ಯವಾದುದು 2013ರ ಅಧ್ಯಯನವೊಂದರ ನಿರ್ಣಯ. ಸುಮಾರು 4200ರಿಂದ 1900 ವರ್ಷಗಳ ಹಿಂದಿನ ಅವಧಿಯಲ್ಲಿ ಉಪಖಂಡದ ಜನವರ್ಗಗಳು ವ್ಯಾಪಕವಾಗಿ ಬೆರೆತವು. ಆಮೇಲೆ ಬೆರಕೆ ನಿಂತು, ಸ್ವಜಾತಿ ವಿವಾಹ ಬಿಗಿಯಾಯಿತು. 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ವಿಚಾರಗೋಷ್ಠಿಯಲ್ಲಿ ತರುಣ ಅಂಬೇಡ್ಕರ್ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ: ಭಾರತದ ಜನ ಮಿಶ್ರ ಜನ, ಜಾತಿಯ ತಿರುಳು ಒಳವಿವಾಹ. ಪ್ರಯೋಗಾಲಯವಿಲ್ಲದೆ, ಸಮಾಜವನ್ನು ನೋಡಿಯೇ ಅವರು ಅದನ್ನು ಕಂಡಿದ್ದರು. ಹಾಗಿರುವಾಗ ಭಾರತೀಯರನ್ನು ಒಡೆದಿರುವುದು ಬೇರೆ ಬೇರೆ ದಾರಿಯಿಂದ ಬಂದ ಸಂಗತಿಯಲ್ಲ, ಬಂದು ಬೆರೆತ ಮೇಲೆ ಹಾಕಿಕೊಂಡ ಬಾಗಿಲು.

ಭಾಷೆಗಳಾದರೋ ಆ ಬಾಗಿಲನ್ನು ಅಷ್ಟು ಗಟ್ಟಿಯಾಗಿ ಹಾಕಿಕೊಳ್ಳಲಿಲ್ಲ. ಕೋತ, ಕೊಡವ ಭಾಷೆಗಳ ನಡುವೆ ದುಡಿದ ಎಮೆನೋ 1956ರಲ್ಲಿ ಇಡೀ ಭಾರತವನ್ನು ಒಂದು ಭಾಷಾಕ್ಷೇತ್ರವಾಗಿ ನೋಡಬೇಕೆಂದರು. ಕನ್ನಡಿಗನ ‘ಹುಲಿಗಿಲಿ’ಗೆ ಮರಾಠಿಯಲ್ಲಿ ‘ಪಾಣಿಬಿಣಿ’, ಹಿಂದಿಯಲ್ಲಿ ‘ಪಾನಿವಾನಿ’ ಜೊತೆಯಾಗುತ್ತವೆ. ‘ಎಂದು’ ಎಂಬುದರ ಕೆಲಸವನ್ನು ಸಂಸ್ಕೃತದಲ್ಲಿ ‘ಇತಿ’, ಮರಾಠಿಯಲ್ಲಿ ‘ಮ್ಹಣೂನ್’ ಮಾಡುತ್ತವೆ. ಮರಾಠಿ ಮನೆಯ ‘ತೂಪ್’ ಕನ್ನಡದ ತುಪ್ಪವೇ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಕನ್ನಡ, ತಮಿಳು, ಮರಾಠಿ ಬರಹಗಳು ಒಟ್ಟಿಗೇ ನಿಂತಿವೆ. ವಿಚಿತ್ರವೆಂದರೆ, ಎಮೆನೋ ಭಾಷೆಗಳ ನಡುವಣ ಗೆರೆಗಳನ್ನು ಮಸುಕುಗೊಳಿಸಿದ ವರ್ಷವೇ ಭಾಷಾವಾರು ರಾಜ್ಯಗಳ ಗೆರೆಗಳು ನಕ್ಷೆಯ ಮೇಲೆ ಮೂಡಿದವು.

ಮೂಲದ ವಾದ ಎಷ್ಟು ಅಪಾಯಕಾರಿಯೆಂಬುದು ಹೊರನಾಡ ಕನ್ನಡಿಗನಿಗೆ ಪುಸ್ತಕದಿಂದ ತಿಳಿಯಬೇಕಾದ ವಿಷಯವಲ್ಲ. 1960ರ ದಶಕದ ಮುಂಬಯಿಯಲ್ಲಿ ‘ಮಣ್ಣಿನ ಮಕ್ಕಳ’ ಕೂಗೆದ್ದಾಗ ಉಡುಪಿ ಹೊಟೇಲುಗಳ ಗಾಜುಗಳು ಒಡೆದವು. ಆ ದ್ವೀಪಗಳಲ್ಲಿ ಎಲ್ಲರಿಗಿಂತ ಮೊದಲು ಬಲೆ ಬೀಸಿದ ಕೋಳಿ ಜನರನ್ನು ಅಂದು ಯಾರೂ ಕೇಳಲಿಲ್ಲ. ಆದರೆ 1991ರ ಡಿಸೆಂಬರಿನಲ್ಲಿ ಕಾವೇರಿಯ ನೆಪದಲ್ಲಿ ಬೆಂಗಳೂರಿನ ತಮಿಳರ ಮೇಲೆ ನಡೆದ ಹಿಂಸೆಗೂ ಇದೇ ತರ್ಕ ಒದಗಿತೆಂಬುದನ್ನು ಮರೆತು ಮುಂಬಯಿಯ ನೋವನ್ನು ಮಾತ್ರ ನೆನೆಯುವುದು ನ್ಯಾಯವಲ್ಲ.

ಇಷ್ಟಕ್ಕೂ ‘ಕನ್ನಡಿಗ’ ಎಂಬುದೇ ಮೂಲದ ಹೆಸರಲ್ಲ. ಮುಂಬಯಿಯ ಕನ್ನಡ ಸಂಘಗಳನ್ನು ಕಟ್ಟಿದವರಲ್ಲಿ ಬಹಳ ಮಂದಿಯ ಮನೆಮಾತು ತುಳು ಅಥವಾ ಕೊಂಕಣಿ. ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತ ಕನ್ನಡ ಅವರದು. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ಕಲಿತು, ಬಾಳಿ, ದುಡಿದು ಕನ್ನಡಿಗನಾಗಬಹುದಾದರೆ ಭಾರತೀಯನಾಗುವುದಕ್ಕೆ ಬೇರೆ ಅಳತೆಗೋಲು ಏಕೆ? ಸಂವಿಧಾನದ 5ನೆಯ ವಿಧಿ ಇಲ್ಲಿ ನೆಲೆಯೂರಿದವನ ಹುಟ್ಟನ್ನೋ ತಂದೆತಾಯಿಯರಲ್ಲೊಬ್ಬರ ಹುಟ್ಟನ್ನೋ ಹಿಂದಿನ ಐದು ವರ್ಷಗಳ ವಾಸವನ್ನೋ ಕೇಳಿತೇ ಹೊರತು ಕುಲವನ್ನು ಕೇಳಲಿಲ್ಲ. 1986 ಮತ್ತು 2003ರ ತಿದ್ದುಪಡಿಗಳು ಹುಟ್ಟಿದ ನೆಲಕ್ಕಿಂತ ಹೆತ್ತವರ ಪೌರತ್ವಕ್ಕೆ ಹೆಚ್ಚು ತೂಕ ಕೊಟ್ಟದ್ದು ಆ ಔದಾರ್ಯದಿಂದ ಹಿಂದೆ ಸರಿದ ಹೆಜ್ಜೆಯೆಂದೇ ಹೇಳಬೇಕು.

ಗೋವಿಂದ ಪೈಗಳ ಮನೆಮಾತು ಕೊಂಕಣಿ, ಸುತ್ತಲಿನ ಮಾತು ತುಳು, ಕಾವ್ಯದ ಮಾತು ಕನ್ನಡ. 1949ರಲ್ಲಿ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿದ್ದು ಮದರಾಸು ಸರಕಾರ. 1956ರ ನವೆಂಬರ್ 1ರಂದು ಮಂಜೇಶ್ವರ ಕೇರಳಕ್ಕೆ ಸೇರಿದಾಗ, ಅವರು ತಮ್ಮ ಊರನ್ನು ಬಿಟ್ಟು ಕದಲದೆಯೇ ಹೊರನಾಡ ಕನ್ನಡಿಗರಾದರು.