ಮಂಡಿನೋವಿಗೆ ಇಂಜೆಕ್ಷನ್: ಎಷ್ಟು ಫಲ, ಎಷ್ಟು ಅಪಾಯ?

“ಮಂಡಿಗೆ ಇಂಜೆಕ್ಷನ್ ಮಾಡಿಸಿಕೊಂಡರೆ ಸವೆದದ್ದು ಮತ್ತೆ ಬೆಳೆಯುತ್ತದಂತೆ, ಹೌದೇನ್ರೀ ಡಾಕ್ಟರೇ?” ಸಂಧಿವಾತದಿಂದ ಬಳಲುವ ಹಿರಿಯರು ಈಗೀಗ ಹೆಚ್ಚಾಗಿ ಕೇಳುವ ಪ್ರಶ್ನೆಯಿದು. ಆಯುರ್ವೇದ ವೈದ್ಯನಾದ ನಾನು ಬೇಡವೆಂದೇ ಹೇಳುವೆನೆಂದು ಕೆಲವರು ಮೊದಲೇ ಊಹಿಸಿಕೊಂಡು ಬಂದಿರುತ್ತಾರೆ. ಆದರೆ ಇಂಜೆಕ್ಷನ್ ಎಂಬ ಒಂದೇ ಹೆಸರಿನಡಿ ಮುಖ್ಯವಾಗಿ ಮೂರು ಬಗೆಯ ದ್ರವ್ಯಗಳು ಬಳಕೆಯಲ್ಲಿವೆ. ಯಾವುದೆಂದು ಅರಿಯದೆ ಒಪ್ಪುವುದೂ ಸರಿಯಲ್ಲ, ನಿರಾಕರಿಸುವುದೂ ಸರಿಯಲ್ಲ.

ಮೊದಲನೆಯದು ಸ್ಟೀರಾಯ್ಡ್. ಕೀಲಿನಲ್ಲಿ ನೀರು ತುಂಬಿ, ಬಾವು ಬಂದು, ಕಾಲೂರಲೂ ಆಗದಂತಹ ಸ್ಥಿತಿಯಲ್ಲಿ ಇದು ಕೆಲವೇ ದಿನಗಳಲ್ಲಿ ನೋವನ್ನು ತಗ್ಗಿಸುತ್ತದೆ. ಇದನ್ನು ಅಲ್ಲಗಳೆಯಲಾಗದು. ಆದರೆ ಆ ಉಪಶಮನ ಉಳಿಯುವುದು ಕೆಲವು ವಾರಗಳ ಕಾಲ ಮಾತ್ರ. ನೋವು ಮರಳುತ್ತದೆ, ರೋಗಿಯೂ ಸೂಜಿಗಾಗಿ ಮರಳುತ್ತಾನೆ. ತೊಡಕಿರುವುದು ಇಲ್ಲಿಯೇ. 2017ರಲ್ಲಿ ಪ್ರಕಟವಾದ ಅಮೆರಿಕದ ಬಾಸ್ಟನ್ ನಗರದ ಅಧ್ಯಯನವೊಂದರಲ್ಲಿ 140 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ 12 ವಾರಗಳಿಗೊಮ್ಮೆ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡನ್ನೂ ಇನ್ನೊಂದಕ್ಕೆ ಬರಿಯ ಲವಣಜಲವನ್ನೂ ಎರಡು ವರ್ಷ ಕೊಡಲಾಯಿತು. ಕೊನೆಯಲ್ಲಿ ನೋವಿನ ವಿಷಯದಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಮೃದ್ವಸ್ಥಿಯ ಸವೆತ ಮಾತ್ರ ಸ್ಟೀರಾಯ್ಡ್ ಪಡೆದವರಲ್ಲಿ ಸರಾಸರಿ 0.21 ಮಿ.ಮೀ., ಲವಣಜಲ ಪಡೆದವರಲ್ಲಿ 0.10 ಮಿ.ಮೀ. ಆದ್ದರಿಂದ ತೀವ್ರ ಬಾವಿದ್ದಾಗ ಒಮ್ಮೆ ಪಡೆಯುವುದಕ್ಕೆ ನನ್ನ ಆಕ್ಷೇಪವಿಲ್ಲ. ಮೂರು ತಿಂಗಳಿಗೊಮ್ಮೆ ತಪ್ಪದೆ ಚುಚ್ಚಿಸಿಕೊಳ್ಳುವ ವಾಡಿಕೆಗೆ ನಾನು ವಿರೋಧಿ.

ಸಕ್ಕರೆ ಕಾಯಿಲೆಯವರು ಇನ್ನೊಂದು ಮಾತನ್ನು ಗಮನಿಸಬೇಕು. ಈ ಸ್ಟೀರಾಯ್ಡ್ ಕೆಲವು ದಿನಗಳವರೆಗೆ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಆ ವಾರ ಪರೀಕ್ಷೆ ತಪ್ಪಿಸಬಾರದು. ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ ಅದಕ್ಕೆ ಮುಂಚಿನ ಮೂರು ತಿಂಗಳಲ್ಲಿ ಕೀಲಿಗೆ ಸೂಜಿ ಬೇಡ, ಸೋಂಕಿನ ಸಂಭವ ಹೆಚ್ಚುತ್ತದೆ. ಯಾವುದೇ ಇಂಜೆಕ್ಷನ್ನಿನ ಬಳಿಕ ಮಂಡಿ ಕೆಂಪಾಗಿ, ಬಿಸಿಯೇರಿ, ಜ್ವರ ಬಂದರೆ ಮನೆಯಲ್ಲಿ ಎಣ್ಣೆ ಹಚ್ಚುತ್ತ ಕೂಡದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇದು ವಿರಳ, ಆದರೆ ಕೀಲನ್ನೇ ಕೆಡಿಸಬಲ್ಲುದು.

ಎರಡನೆಯದು ‘ಜೆಲ್’ ಎಂದು ಜನ ಕರೆಯುವ ಹಯಲುರೋನಿಕ್ ಆಮ್ಲ. ಬಂಡಿಯ ಕೀಲಿಗೆ ಎಣ್ಣೆ ಬಿಟ್ಟಂತೆ ಎಂದು ವಿವರಿಸಿದರೆ ಯಾರಿಗೂ ಒಪ್ಪಿಗೆಯಾಗುತ್ತದೆ. 2022ರಲ್ಲಿ ಬ್ರಿಟನ್ನಿನ ಬಿ.ಎಂ.ಜೆ. ಪತ್ರಿಕೆಯಲ್ಲಿ 169 ಪ್ರಯೋಗಗಳ, 21 ಸಾವಿರಕ್ಕೂ ಮಿಕ್ಕಿದ ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದ ವಿಮರ್ಶೆ ಬಂದಿತು. ನೂರರ ಅಳತೆಯಲ್ಲಿ ಹುಸಿ ಚಿಕಿತ್ಸೆಗಿಂತ ನೋವು ತಗ್ಗಿದ್ದು ಸುಮಾರು ಎರಡು ಅಂಶ. ರೋಗಿಯ ಅನುಭವಕ್ಕೆ ಬರಲು ಒಂಬತ್ತಾದರೂ ಬೇಕು. ಜತೆಗೆ ಗಂಭೀರ ಅಡ್ಡಪರಿಣಾಮಗಳು ಈ ಔಷಧಿ ಪಡೆದವರಲ್ಲೇ ಹೆಚ್ಚಿದ್ದವು. ಸಾಲ ಮಾಡಿ ಕೊಳ್ಳುವ ವಸ್ತು ಇದಲ್ಲ.

ಮೂರನೆಯದು ಪಿ.ಆರ್.ಪಿ., ನಮ್ಮದೇ ರಕ್ತದಿಂದ ಬೇರ್ಪಡಿಸಿದ ದ್ರವ. ಆಸ್ಟ್ರೇಲಿಯಾದಲ್ಲಿ 288 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ವರ್ಷದ ನಂತರ ಲವಣಜಲಕ್ಕಿಂತ ಹೆಚ್ಚಿನ ಫಲವೇನೂ ಕಾಣಲಿಲ್ಲ, ಮೃದ್ವಸ್ಥಿಯೂ ಉಳಿಯಲಿಲ್ಲ. ಹಾಗೆಂದು “ನನಗೆ ಗುಣವಾಯಿತು” ಎನ್ನುವವರು ಸುಳ್ಳಾಡುತ್ತಿಲ್ಲ. ಲವಣಜಲ ಪಡೆದವರಿಗೂ ನೋವು ತಗ್ಗುವುದುಂಟು.

ಇದೇ ತಕ್ಕಡಿಯಲ್ಲಿ ನಮ್ಮ ಪದ್ಧತಿಯನ್ನೂ ತೂಗಬೇಕಷ್ಟೆ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 28ನೆಯ ಅಧ್ಯಾಯವು ಸಂಧಿಗತವಾತವನ್ನು ಮುಟ್ಟಿದರೆ ಗಾಳಿ ತುಂಬಿದ ಚರ್ಮದ ಚೀಲದಂತಿರುವ ಬಾವೆಂದೂ, ಮಡಚಿ ಚಾಚುವಾಗ ನೋವೆಂದೂ ಬಣ್ಣಿಸುತ್ತದೆ. ಜಾನುಬಸ್ತಿ, ಅಭ್ಯಂಗ, ಸ್ವೇದನಗಳಿಂದ ಬಿಗುಪು ಸಡಿಲಾಗಿ ಹಿತವಾಗುವುದನ್ನು ನನ್ನ ರೋಗಿಗಳಲ್ಲಿ ನಿತ್ಯ ಕಾಣುತ್ತೇನೆ. ಸವೆದ ಮೃದ್ವಸ್ಥಿ ಇವುಗಳಿಂದ ಮತ್ತೆ ಬೆಳೆಯುತ್ತದೆಂದು ಯಾವ ವೈದ್ಯನಾದರೂ ಹೇಳಿದರೆ ನಂಬಬೇಡಿ. ಸಂತೆಯಲ್ಲಿ ಮಾರುವ ಹೆಸರಿಲ್ಲದ ಪುಡಿಯನ್ನಂತೂ ಮುಟ್ಟಲೇಬೇಡಿ. ಇಂತಹ ಪುಡಿಗಳಲ್ಲಿ ಸ್ಟೀರಾಯ್ಡನ್ನೇ ಬೆರೆಸಿದ್ದು ಪ್ರಯೋಗಾಲಯಗಳಲ್ಲಿ ಪತ್ತೆಯಾಗಿದೆ. ಸೂಜಿಗೆ ಹೆದರಿ ಅದೇ ಔಷಧಿಯನ್ನು ದಿನಾಲೂ ನುಂಗಿದಂತಾದೀತು.

ಹಾಗಾದರೆ ಮಾಡುವುದೇನು? 2020ರ ಅಮೆರಿಕದ ಇನ್ನೊಂದು ಪ್ರಯೋಗದಲ್ಲಿ 156 ರೋಗಿಗಳ ಪೈಕಿ ಫಿಸಿಯೋಥೆರಪಿ ಪಡೆದವರು ಒಂದು ವರ್ಷದ ಬಳಿಕ ಸ್ಟೀರಾಯ್ಡ್ ಪಡೆದವರಿಗಿಂತ ಕಡಿಮೆ ನೋವಿನಿಂದ ಚೆನ್ನಾಗಿ ಓಡಾಡುತ್ತಿದ್ದರು. ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ತಗ್ಗುತ್ತದೆ. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾಗುವುದೇ ಮಂಡಿಗೆ ದೊಡ್ಡ ಆಸರೆ. ಕುರ್ಚಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತು, ಒಂದು ಕಾಲನ್ನು ನೇರವಾಗಿ ಚಾಚಿ, ಐದು ಎಣಿಸುವವರೆಗೆ ಹಿಡಿದು, ನಿಧಾನವಾಗಿ ಇಳಿಸಿ. ಪ್ರತಿ ಕಾಲಿಗೆ ಹತ್ತು ಸಲ, ಬೆಳಿಗ್ಗೆ ಮತ್ತು ಸಂಜೆ. ಬಾವು ಹೆಚ್ಚಿರುವ ದಿನ ಬಿಟ್ಟು, ಇಳಿದ ಮೇಲೆ ಮತ್ತೆ ಆರಂಭಿಸಿ.