ಅಗ್ಗದ ಕಡಲು ಯಾರ ಖರ್ಚಿನಲ್ಲಿ?

ಏಪ್ರಿಲ್ ಬಂತೆಂದರೆ ಪುಣೆಯ ಕನ್ನಡಿಗರ ಮನೆಗಳಲ್ಲಿ ಒಂದು ಎಕ್ಸೆಲ್ ಹಾಳೆ ಹುಟ್ಟುತ್ತದೆ. ಪೆಟ್ರೋಲಿಗೆ ಇಷ್ಟು, ಟೋಲಿಗೆ ಇಷ್ಟು, ರೂಮಿಗೆ ಇಷ್ಟು, ತಲೆಗೆ ಇಷ್ಟು. ಕೆಳಗೆ ದಪ್ಪ ಅಕ್ಷರದಲ್ಲಿ ಮೊತ್ತ. ಆ ಮೊತ್ತವನ್ನು ಹೇಗಾದರೂ ಇಳಿಸುವುದೇ ಜಾಣತನ ಎಂದುಕೊಂಡವರ ಜೊತೆ ನನಗೆ ಜಗಳವಿದೆ. ದುಡ್ಡು ಉಳಿಸಬಾರದು ಅಂತಲ್ಲ. ನಮ್ಮ ಮನೆಯೂ ಇಎಂಐ ಮೇಲೆಯೇ ನಿಂತಿದೆ, ರಜೆಗೆ ತೆಗೆದಿಡುವ ದುಡ್ಡು ಅಷ್ಟರಲ್ಲೇ ಇದೆ. ಜಗಳ ಇರುವುದು ಆ ಹಾಳೆಯಲ್ಲಿ ಕಾಲಮ್ಮೇ ಇಲ್ಲದ ಖರ್ಚುಗಳ ಬಗ್ಗೆ.

ಮೊದಲು ಗೋವಾ. ಸಮುದ್ರ ಎಂದ ಕೂಡಲೇ ನಮ್ಮವರ ಬಾಯಿಗೆ ಬರುವುದು ಅದೊಂದೇ ಹೆಸರು. ಪುಣೆಯಿಂದ ಗೋವಾಕ್ಕೆ ಸುಮಾರು 450 ಕಿಲೋಮೀಟರ್. ಕೊಲ್ಲಾಪುರ ದಾಟಿ, ಘಟ್ಟ ಇಳಿದು, ಊಟ ತಿಂಡಿಗೆ ನಿಂತು ಹೋದರೆ ಹತ್ತು ಗಂಟೆಗೆ ಕಡಿಮೆಯಿಲ್ಲ. ನಾಲ್ಕು ದಿನದ ರಜೆಯಲ್ಲಿ ಎರಡು ದಿನ ಡಾಂಬರಿಗೇ ಹೋಯಿತು. ಅದೇ ತಾಮ್ಹಿಣಿ ಘಾಟ್ ಇಳಿದು ಮಾಣಗಾವ್, ಮ್ಹಸಳಾ ಮಾರ್ಗವಾಗಿ ದಿವೇಆಗರಕ್ಕೆ ಹೋದರೆ ಸುಮಾರು 170 ಕಿಲೋಮೀಟರ್. ಬೆಳಿಗ್ಗೆ ಆರಕ್ಕೆ ಹೊರಟವರು ಮಧ್ಯಾಹ್ನದ ಊಟಕ್ಕೆ ಮುಂಚೆ ಮರಳಿನ ಮೇಲಿರುತ್ತಾರೆ. ಹೋಗಿ ಬರುವ ದೂರದ ವ್ಯತ್ಯಾಸವೇ 560 ಕಿಲೋಮೀಟರ್. ಲೀಟರಿಗೆ 15 ಕೊಡುವ ಕಾರಿನಲ್ಲಿ ಅದು 37 ಲೀಟರ್. ಲೀಟರಿಗೆ ನೂರು ರೂಪಾಯಿಯಂತೆ ಹಿಡಿದರೂ 3,700 ರೂಪಾಯಿ. ನಮ್ಮ ಕುಟುಂಬಕ್ಕೆ ಕೊಂಕಣದಲ್ಲಿ ಇದು ಎರಡು ದಿನದ ಊಟದ ದುಡ್ಡು.

ಈ ಮಾತು ಹೇಳಿದರೆ ಬರುವ ಉತ್ತರ ಗೊತ್ತಿದೆ: 'ರಾತ್ರಿ ಹೊರಟರಾಯಿತು, ಒಂದು ದಿನದ ರೂಮು ಬಾಡಿಗೆ ಉಳೀತದೆ.' ಶುಕ್ರವಾರ ಸಂಜೆ ಏಳರವರೆಗೆ ಲ್ಯಾಪ್‌ಟಾಪಿನ ಮುಂದೆ ಕೂತ ಕಣ್ಣುಗಳಿಂದ ಬೆಳಗಿನ ಮೂರು ಗಂಟೆಗೆ ಘಟ್ಟ ಇಳಿಸುವುದು ಉಳಿತಾಯವೇ? ಹಿಂದಿನ ಸೀಟಿನಲ್ಲಿ ಮಕ್ಕಳು ಮಲಗಿರುತ್ತಾರೆ. ಈ ಬಗ್ಗೆ ಹೆಚ್ಚು ವಾದಿಸಲು ನನಗೆ ಮನಸ್ಸಿಲ್ಲ.

ಇನ್ನೊಂದು ಉತ್ತರ ಸ್ವಲ್ಪ ಭಾವುಕ. ದುಡ್ಡು ಖರ್ಚು ಮಾಡುವುದೇ ಆದರೆ ನಮ್ಮ ಗೋಕರ್ಣಕ್ಕೋ ಕಾರವಾರಕ್ಕೋ ಮಾಡೋಣ ಎನ್ನುತ್ತಾರೆ. ಊರಿಗೆ ಹೋದಾಗ ಖಂಡಿತ ಮಾಡೋಣ. ಹೊನ್ನಾವರದ ಬಳಿಯ ಕಾಸರಕೋಡು ಮತ್ತು ಪಡುಬಿದ್ರಿ 2020ರಲ್ಲೇ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ತೀರಗಳು, ನೋಡಲೇಬೇಕು. ಆದರೆ ಮೂರು ದಿನದ ರಜೆಗೆ ಪುಣೆಯಿಂದ ಕಾರು ಬಿಡುವುದರಲ್ಲಿ ಯಾವ ಭಾಷಾಭಿಮಾನವೂ ಇಲ್ಲ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಅಗ್ಗದ ಪ್ರವಾಸದ ಮಹಾಮಂತ್ರವೊಂದಿದೆ, ನಮ್ಮ ಗಂಡಸರು ಅದನ್ನು ಬಹಳ ಖುಷಿಯಿಂದ ಪಠಿಸುತ್ತಾರೆ: 'ಕಿಚನ್ ಇರುವ ಫ್ಲ್ಯಾಟ್ ತಗೊಳ್ಳೋಣ, ಹೋಟೆಲ್ ಖರ್ಚು ಉಳಿಯುತ್ತೆ, ಮನೆ ಊಟದ ಹಿತವೂ ಇರುತ್ತೆ.' ಉಳಿಯುತ್ತದೆ, ನಿಜ. ಹೇಗೆ ಉಳಿಯುತ್ತದೆ ಎಂದು ಹಾಳೆ ಹೇಳುವುದಿಲ್ಲ. ಡಿಕ್ಕಿಯಲ್ಲಿ ಇಂಡಕ್ಷನ್ ಒಲೆ, ಕುಕ್ಕರು, ಎರಡು ಕಿಲೋ ಸೋನಾ ಮಸೂರಿ, ಡಬ್ಬದಲ್ಲಿ ಸಾರಿನ ಪುಡಿ, ಹುರಿದಿಟ್ಟ ರವೆ, ಹೊರಡುವ ಹಿಂದಿನ ರಾತ್ರಿ ಲಟ್ಟಿಸಿದ ನಲವತ್ತು ಚಪಾತಿ. ಸಮುದ್ರ ಕಾಣುವ ಕಿಟಕಿಯ ಪಕ್ಕ ನಿಂತು ಕುಕ್ಕರಿನ ಸೀಟಿ ಎಣಿಸಿದ ಹೆಂಗಸರಲ್ಲಿ ನಾನೂ ಒಬ್ಬಳು. ಮಕ್ಕಳ ಒದ್ದೆ ಬಟ್ಟೆಯಿಂದ ಮರಳು ಕೊಡವಿ, ಪಾತ್ರೆ ತಿಕ್ಕಿ, ನೀರಿಗೆ ಇಳಿಯೋಣ ಎನ್ನುವಷ್ಟರಲ್ಲಿ ಕತ್ತಲಾಗಿರುತ್ತದೆ. ವಾರವಿಡೀ ಆಫೀಸು, ಆಮೇಲೆ ಅಡುಗೆಮನೆ. ರಜೆಯಲ್ಲಿ ಆಫೀಸು ಮಾತ್ರ ಇಲ್ಲ. ಅತ್ತೆಯವರು ಜೊತೆಗೆ ಬಂದರೆ ಅವರೂ ಸೊಪ್ಪು ಬಿಡಿಸುತ್ತಾ ಕೂರುತ್ತಾರೆ. ತಲೆಗೆ ಇಷ್ಟು ಎಂದು ಭಾಗಿಸುವಾಗ ಅವರ ತಲೆಯನ್ನೂ ಸೇರಿಸುತ್ತೇವೆ. ಕೈಗಳನ್ನು ಯಾರೂ ಎಣಿಸುವುದಿಲ್ಲ.

ದಿವೇಆಗರ, ಹರಿಹರೇಶ್ವರ, ಗುಹಾಗರ, ಕೊಂಚ ದೂರವಾದರೂ ಗಣಪತಿಪುಳೆ, ಈ ಊರುಗಳಲ್ಲಿ ಮನೆಮನೆಯಲ್ಲೂ ಊಟ ಹಾಕುತ್ತಾರೆ. 'ಘರಗುತಿ' ಎಂದು ಬೋರ್ಡು ಇರುತ್ತದೆ. ಅಡಿಕೆ ತೋಟದ ನಡುವೆ ನಾಲ್ಕು ರೂಮು ಕಟ್ಟಿಸಿರುತ್ತಾರೆ, ಹಿತ್ತಲಲ್ಲಿ ಅಡುಗೆ. ಹೋದ ವರ್ಷ ಮೇ ತಿಂಗಳ ಒಂದು ಮಂಗಳವಾರ ನಾವು ಎಸಿ ಇಲ್ಲದ ರೂಮಿಗೆ 1,800 ಕೊಟ್ಟೆವು, ಸಸ್ಯಾಹಾರದ ತಾಟಿಗೆ 220. ಬಿಸಿ ಉಕಡೀಚೆ ಮೋದಕದ ಮೇಲೆ ತುಪ್ಪ ಸುರಿದು, ಸೋಲ್‌ಕಢಿ ಎಷ್ಟು ಬೇಕಾದರೂ ಕುಡಿಯಿರಿ ಎಂದರು. ಅದೇ ರೂಮು ಶನಿವಾರಕ್ಕೆ ಕೇಳಿದ್ದರೆ ಬಾಡಿಗೆ ಬೇರೆ. ಆದ್ದರಿಂದ ಉಳಿಸುವುದಿದ್ದರೆ ವಾರದ ನಡುವೆ ಎರಡು ದಿನ ರಜೆ ಹಾಕಿ ಉಳಿಸಿ, ಮಧ್ಯಾಹ್ನದ ಎಸಿಯಲ್ಲಿ ಉಳಿಸಿ. ಹೆಂಡತಿಯ ಬೆನ್ನಿನಲ್ಲಿ ಬೇಡ.

ಅಲ್ಲಿಯೂ ಒಲೆಯ ಮುಂದೆ ಇರುವುದು ಹೆಂಗಸೇ ಅಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಹೆಂಗಸೇ. ಆದರೆ ಆಕೆಯ ದುಡಿಮೆಗೆ ಒಂದು ದರವಿದೆ, ತಾಟಿನ ಲೆಕ್ಕದಲ್ಲಿ ಅದು ಕೈಗೆ ಬರುತ್ತದೆ. 2020ರ ಜೂನ್ 3ರಂದು ನಿಸರ್ಗ ಚಂಡಮಾರುತ ಈ ತೀರಕ್ಕೇ ಬಡಿಯಿತು. ದಿವೇಆಗರ, ಶ್ರೀವರ್ಧನದ ತೆಂಗು, ಅಡಿಕೆ ತೋಟಗಳು ಒಂದೇ ದಿನದಲ್ಲಿ ಮಲಗಿದವು. ಅಡಿಕೆ ಸಸಿ ಫಲ ಕೊಡಲು ಐದಾರು ವರ್ಷ ಬೇಕೆಂದು ಮಲೆನಾಡಿನಿಂದ ಬಂದ ನಮ್ಮವರಿಗೆ ಹೇಳಬೇಕಿಲ್ಲ. ತೋಟ ಹೋದ ಮನೆಗೆ ರೂಮಿನ ಬಾಡಿಗೆ, ಊಟದ ದುಡ್ಡು ಅಂದರೆ ಏನು ಎಂಬುದೂ ಅವರಿಗೆ ಅರ್ಥವಾಗುತ್ತದೆ. ಮಾಲ್‌ನಲ್ಲಿ ಕಾಫಿಗೆ 300 ಕೊಟ್ಟು ಬಂದು ಈ ಅಂಗಳದಲ್ಲಿ 'ತಾಟಿಗೆ ಇಪ್ಪತ್ತು ಕಮ್ಮಿ ಮಾಡಿ' ಎಂದು ಚೌಕಾಸಿ ಮಾಡುವವರನ್ನು ನೋಡಿದ್ದೇನೆ. ಅವರು ಕನ್ನಡದಲ್ಲಿ ಮಾತಾಡುತ್ತಿದ್ದರೆ ನಾನು ಪಕ್ಕಕ್ಕೆ ತಿರುಗಿ ಕೂರುತ್ತೇನೆ.

ಗೋವಾದ ಪರವಾಗಿ ಒಂದು ಮಾತು ಹೇಳಲೇಬೇಕು. ಅಲ್ಲಿನ ಮುಖ್ಯ ತೀರಗಳಲ್ಲಿ 2008ರಿಂದ ತರಬೇತಿ ಪಡೆದ ಜೀವರಕ್ಷಕರಿದ್ದಾರೆ. ಸೀಟಿ ಊದುತ್ತಾರೆ, ಕೆಂಪು ಬಾವುಟ ನೆಡುತ್ತಾರೆ. ಕೊಂಕಣದ ಸಣ್ಣ ತೀರಗಳಿಗೆ ಆ ಭರವಸೆ ಇಟ್ಟುಕೊಂಡು ಹೋಗಬಾರದು. 2016ರ ಫೆಬ್ರುವರಿ 1ರಂದು ಪುಣೆಯ ಕಾಲೇಜೊಂದರ 14 ವಿದ್ಯಾರ್ಥಿಗಳು ಮುರುಡ್‌ನಲ್ಲಿ ಮುಳುಗಿ ಸತ್ತರು. ಮುಂಜಾನೆ ಪಿಕ್‌ನಿಕ್ಕಿಗೆಂದು ಹೊರಟ ಮಕ್ಕಳು. 2024ರ ಡಿಸೆಂಬರಿನಲ್ಲಿ ನಮ್ಮ ಮುರುಡೇಶ್ವರದಲ್ಲಿ, ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ತೀರಿಕೊಂಡರು. ನಾವು ಬಯಲುಸೀಮೆಯವರು ಕೆರೆಯ ಕಣ್ಣಿನಿಂದಲೇ ಕಡಲನ್ನು ನೋಡುತ್ತೇವೆ: ಮೊಣಕಾಲುದ್ದ ನೀರು ಮೊಣಕಾಲುದ್ದವೇ ಇರುತ್ತದೆ ಎಂದು. ಮುಂಬೈ ತೀರದಲ್ಲಿ ದೊಡ್ಡ ಉಬ್ಬರದ ದಿನ ನೀರಿನ ಮಟ್ಟ ನಾಲ್ಕು ಮೀಟರನ್ನೂ ಮೀರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರುವುದೂ ಜೋರು, ಇಳಿಯುವಾಗ ಎಳೆಯುವುದೂ ಜೋರು. ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಅಂದರೆ ನಿನ್ನೆ ಇಳಿದ ಹೊತ್ತಿಗೇ ಇವತ್ತೂ ಇಳಿಯಬಹುದು ಎಂಬ ಲೆಕ್ಕ ಸುಳ್ಳು. ಮನೆಯವರನ್ನು ಕೇಳಿ: 'ಭರತಿ' ಎಷ್ಟಕ್ಕೆ, 'ಓಹೋಟಿ' ಎಷ್ಟಕ್ಕೆ? ಮೀನುಗಾರರ ಊರಿನಲ್ಲಿ ಅದು ಚಿಕ್ಕ ಮಕ್ಕಳಿಗೂ ಗೊತ್ತು. ಇಳಿತ ಶುರುವಾದ ಮೇಲೆ ಮಕ್ಕಳನ್ನು ನೀರಿಗೆ ಬಿಡಬೇಡಿ, ಬಿಯರ್ ಕುಡಿದ ಅಪ್ಪಂದಿರನ್ನಂತೂ ಯಾವ ಹೊತ್ತಿನಲ್ಲೂ ಬೇಡ.

ಬೇರೆ ಊರಿನವರಿಗೂ ಇದೇ ಲೆಕ್ಕ. ಚೆನ್ನೈನವರಿಗೆ ಪುದುಚೇರಿ 150 ಕಿಲೋಮೀಟರ್, ಇನ್ನೂ ಸ್ವಲ್ಪ ಮುಂದೆ ತರಂಗಂಬಾಡಿ. ಆದರೂ ರಜೆಗೆ ಗೋವಾದ ವಿಮಾನ ಹುಡುಕುತ್ತಾರೆ. ಹೈದರಾಬಾದಿನವರಿಗೆ ಬಾಪಟ್ಲದ ಬಳಿ ಸೂರ್ಯಲಂಕ ಇದೆ, ದೂರ 300 ದಾಟುತ್ತದೆ, ಒಂದು ರಾತ್ರಿಗೆಂದು ಹೋಗಬೇಡಿ. ದೆಹಲಿಯವರಿಗೆ ಕಾರಿನ ದೂರದಲ್ಲಿ ಕಡಲೇ ಇಲ್ಲ. ಅವರು ಹೊಟ್ಟೆಕಿಚ್ಚಿಗೆಂದು ಓದಲಿ.

ಹೋಗುವುದಿದ್ದರೆ ಮೇ 20ರೊಳಗೆ ಮುಗಿಸಿ. ತಿಂಗಳ ಕೊನೆಗೆ ದೋಣಿ, ಜಲಕ್ರೀಡೆ ನಿಲ್ಲಿಸುತ್ತಾರೆ, ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಆಮೇಲೆ ತಾಜಾ ಸುರಮಯಿ ಸಿಗಲಿಲ್ಲವೆಂದು ಆ ಮನೆಯವರ ಮೇಲೆ ಮುನಿಸಿಕೊಳ್ಳಬೇಡಿ. ಫೋನ್ ಮಾಡುವಾಗ ಮರಾಠಿ ಬರದಿದ್ದರೆ ಹಿಂದಿ ನಡೆಯುತ್ತದೆ. ಎಷ್ಟು ಜನ, ಎಷ್ಟು ಹೊತ್ತಿನ ಊಟ ಎಂಬುದನ್ನು ಮಾತ್ರ ಹಿಂದಿನ ದಿನವೇ ತಿಳಿಸಿ. ಮೋದಕ ಬೇಕಿದ್ದರೆ ಅದನ್ನೂ ಆಗಲೇ ಹೇಳಬೇಕು, ತೆಂಗಿನಕಾಯಿ ತುರಿಯಲು ಅವರಿಗೂ ಹೊತ್ತು ಬೇಕಲ್ಲ.